ಆವರೇಜ್ ಎಷ್ಟು ಕೊಡ್ತದ?

ನಮ್ಮ ಕಾಕಾ ಒಂದು ಹಳೆಯ ಸಣ್ಣ ಕಾರು ಕೊಳ್ಳಲು ತೆಗೆದುಕೊಂಡಷ್ಟು ಕಾಲದಲ್ಲಿ ಬಹಮನಿ ಸುಲ್ತಾನರು ಬೀದರಿನ ಕೋಟೆ ಕಟ್ಟಿ, ಕಂದಕ ತೋಡಿ, ಬಾಗಿಲಿಗೆ ಬಣ್ಣವನ್ನೂ ಬಳಿದು ಮುಗಿಸಿರಬೇಕು! ವ್ಯತ್ಯಾಸ ಇಷ್ಟೇ. ಒಂದು ಗಾಡಿಗೆ ಎಷ್ಟು ಕಲ್ಲು ಹಿಡಿಯುತ್ತದೆ ಎಂದು ಸುಲ್ತಾನರು ಕೇಳಿರಬಹುದು. ಗಾಡಿ ಎಳೆಯುವ ಎತ್ತು ಒಂದು ಹೊರೆ ಮೇವಿಗೆ ಎಷ್ಟು ದೂರ ಹೋಗುತ್ತದೆ ಎಂದು ಕೇಳಿರಲಾರರು. ನಮ್ಮ ಕಾಕಾ ಮೊದಲು ಕೇಳುತ್ತಿದ್ದುದೇ ಅದನ್ನು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಭಾಲ್ಕಿಯ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಡೀಸೆಲ್ ಪಂಪಿನ ಮುಂದೆ ನಿಂತವರು. ಸಂಜೆ ಬಸ್ಸುಗಳು ಒಂದೊಂದಾಗಿ ಡಿಪೋಗೆ ಮರಳಿದಾಗ ಟ್ಯಾಂಕು ತುಂಬಿಸಬೇಕು, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಲೀಟರ್ ಕುಡಿದಿದೆ ಎಂದು ಭಾಗಿಸಬೇಕು, ಬಂದ ಅಂಕಿಯನ್ನು ಡ್ರೈವರನ ಹೆಸರಿನ ಮುಂದೆ ಬರೆಯಬೇಕು. ಆ ಅಂಕಿಗೆ ನಮ್ಮ ಕಡೆ ಮೈಲೇಜ್ ಎನ್ನುವುದಿಲ್ಲ, ಆವರೇಜ್ ಎನ್ನುತ್ತಾರೆ. ಆವರೇಜ್ ಚೆನ್ನಾಗಿ ತಂದವನು ಕಾಕಾನ ಕಣ್ಣಲ್ಲಿ ಸಜ್ಜನ. ಕಡಿಮೆ ತಂದವನು ಎಷ್ಟು ದೇವರಿಗೆ ಎಷ್ಟು ಕಾಯಿ ಒಡೆದರೂ ಕಾಕಾ ಅವನ ಮನೆಯ ಮದುವೆಗೆ ಹೋಗಿ ಎರಡು ಕಾಳು ಅಕ್ಷತೆ ಹಾಕಿ ಬರುತ್ತಿದ್ದರು, ಊಟಕ್ಕೆ ನಿಲ್ಲುತ್ತಿರಲಿಲ್ಲ.

ನಿವೃತ್ತರಾಗಿ ಬೀದರಿಗೆ ಬಂದು ಚಿದ್ರಿಯಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ ಮಾಡಿದರು. ಡಿಪೋ ಬಿಟ್ಟರೂ ಆವರೇಜ್ ಬಿಡಬೇಕಲ್ಲ! ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತು, ಒಂದು ಸಾಬೂನು ಎಷ್ಟು ಸ್ನಾನ ಕೊಟ್ಟಿತು, ಚಪ್ಪಲಿಯ ಒಂದು ಅಟ್ಟೆ ಎಷ್ಟು ಸಲ ಪೇಟೆಗೆ ಹೋಗಿ ಬಂತು, ಎಲ್ಲಕ್ಕೂ ಲೆಕ್ಕ. ಹಿಂದೆ ನನ್ನನ್ನು ನೋಡಲು ಗಂಡು ಬಂದಾಗಲೂ ಹೀಗೇ ಆಗಿತ್ತು. ಮನೆಯವರೆಲ್ಲ ಹುಡುಗನ ನೌಕರಿ, ನಡತೆ ವಿಚಾರಿಸುತ್ತಿದ್ದರೆ ಕಾಕಾ ಅವನ ತಾಟನ್ನೇ ನೋಡುತ್ತ ಕುಳಿತಿದ್ದರು. ಅವರೆಲ್ಲ ಹೋದ ಮೇಲೆ ನನ್ನನ್ನು ಬದಿಗೆ ಕರೆದು ಹೇಳಿದ್ದು ಇಷ್ಟು: "ಹುಡುಗ ಛಲೋ ಇದ್ದಾನ ತಂಗಿ. ಆದ್ರ ಆರು ರೊಟ್ಟಿ ತಿಂದು ಬಾಗಲ ತನಾ ನಡಿಲಾಕ ತೇಕಿದ. ಆವರೇಜ್ ಕಮ್ಮಿ ಅದ." ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡ ಕಾಕಾನ ಎದುರಿಗೆ ನಾಲ್ಕನೆಯ ರೊಟ್ಟಿಗೆ ಕೈ ಚಾಚುವುದಿಲ್ಲ.

ಇಂಥವರಿಗೆ ಬರಗಾಲ ಬೇರೆ ಬಂದರೆ ಹೇಗಿರಬೇಡ? ಆ ವರ್ಷ ಮಳೆ ಪೂರ್ತಿ ಕೈಕೊಟ್ಟಿತ್ತು. ಮಾಂಜ್ರಾ ನದಿಯಲ್ಲಿ ಕಲ್ಲು ಎದ್ದಿದ್ದವು. ಔರಾದ್ ಕಡೆಯ ಹಳ್ಳಿಗಳಿಂದ ಮಂದಿ ಗಂಟು ಕಟ್ಟಿಕೊಂಡು ಹೈದರಾಬಾದಿನ, ಪುಣೆಯ ದಾರಿ ಹಿಡಿದಿದ್ದರು. ನಮ್ಮ ಗಲ್ಲಿಗೆ ಟ್ಯಾಂಕರು ಬರುವುದು ಎಂಟು ದಿನಕ್ಕೊಮ್ಮೆ. ಕಾಕಾ ನೀರಿನ ಡ್ರಮ್ಮಿಗೆ ಡಿಪೋದಲ್ಲಿ ಡೀಸೆಲ್ ಅಳೆಯುತ್ತಿದ್ದಂಥದೇ ಒಂದು ಕೋಲು ಮಾಡಿ, ಇಂಚಿಗೊಂದು ಗೆರೆ ಕೊರೆದು, ದಿನಾ ಬೆಳಿಗ್ಗೆ ಇಳಿಬಿಟ್ಟು ನೋಡುತ್ತಿದ್ದರು. ನಮ್ಮಲ್ಲಿ ನೀರು ತೀರಿ ನಾನು ಹೋದರೆ, "ಜಳಕ ಮಾಡಾಕಿ ಇದ್ದೀ ಏನು? ಒಂದ ಇಂಚಿನ್ಯಾಗ ಮುಗಿಸು" ಎನ್ನುತ್ತಿದ್ದರು. ಒಳಗಿನಿಂದ ಕಾಕಿ, "ಅದು ನೀರರೀ, ಡೀಸೆಲ್ ಅಲ್ಲ. ಕೂಸಿಗಿ ಮಾರಿಗರ ಹಚ್ಕೋಲಾಕ ಬಿಡ್ರಿ" ಎಂದು ಕೂಗುತ್ತಿದ್ದಳು. ಕೂಸು ಎಂದರೆ ನಾನು, ಎರಡು ಮಕ್ಕಳ ತಾಯಿ.

ಈಗ ಕಾಕಿಯ ವಿಷಯಕ್ಕೆ ಬರಬೇಕು. ಬಸ್ ಡಿಪೋದವನ ಹೆಂಡತಿಗೆ ದೇವರು ಏನು ಕೊಡಬಾರದಿತ್ತೋ ಅದನ್ನೇ ಕೊಟ್ಟಿದ್ದ. ಕಾಕಿಗೆ ಬಸ್ಸು ಆಗಿಬರುತ್ತಿರಲಿಲ್ಲ! ಹತ್ತಿ ಎರಡು ಮೈಲಿ ಹೋಗುವುದರೊಳಗೆ ಹೊಟ್ಟೆ ತೊಳಸಿ, ತಲೆ ತಿರುಗಿ, ಮುಖ ಬಾಡಿದ ಮೂಲಂಗಿ ಸೊಪ್ಪಿನಂತಾಗುತ್ತಿತ್ತು. ಬಸ್ಸಷ್ಟೇ ಅಲ್ಲ, ಜೀಪು, ಮೂರು ಗಾಲಿಯ ಟಂಟಂ ಎಲ್ಲವೂ ಅಷ್ಟೇ. ಎರಡು ವರ್ಷದ ಹಿಂದೆ ಔರಾದಿನ ಹತ್ತಿರದ ತವರಿಗೆಂದು ಹೊರಟವಳು ಸಂತಪುರದಲ್ಲೇ ಇಳಿದು, ಬೇವಿನ ಮರದ ಕೆಳಗೆ ಮಲಗಿ, ಅರ್ಧ ದಾರಿಯಿಂದ ತಿರುಗಿ ಬಂದಿದ್ದಳು. ಅವತ್ತಿನಿಂದ ತವರು ಕಂಡಿಲ್ಲ.

ತವರು ಎಂದರೆ ಅಕ್ಕ. ತಾಯಿ ಸತ್ತ ಮೇಲೆ ಕಾಕಿಯನ್ನು ಎತ್ತಿ ಆಡಿಸಿ, ಕುರಿ ಹಿಂಡಿನ ಹಿಂದೆ ಬೆನ್ನಿಗೆ ಕಟ್ಟಿಕೊಂಡು ತಿರುಗಿ ಬೆಳೆಸಿದ ಅಕ್ಕ. ಆ ವರ್ಷ ಮೇವಿಲ್ಲದೆ ಕುರಿಗಳನ್ನು ಮಾರಿದ್ದರು. ಅಕ್ಕನ ಮಗ, ಸೊಸೆ ಆಗಲೇ ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸ ಹಿಡಿದಿದ್ದರು. ಹೊಲಕ್ಕೆ ಚರಗ ಚೆಲ್ಲದೆ ಊರು ಬಿಡಲಾರೆ ಎಂದು ಅಕ್ಕ ಮಾತ್ರ ಎಳ್ಳಮಾಸಿಯವರೆಗೆ ಉಳಿದಿದ್ದಳು. ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆಯವರು ಎಲ್ಲಿದ್ದರೂ ಹೊಲಕ್ಕೆ ಹೋಗಿ, ಭೂಮಿಗೆ ಉಣಿಸಿ, ತಾವು ಉಣ್ಣುತ್ತಾರೆ. ಅದು ಮುಗಿಸಿ ಅಕ್ಕನೂ ರೈಲು ಹತ್ತುವವಳು. ಮತ್ತೆ ಯಾವಾಗ ಬರುವುದೆಂದರೆ, ಮಳೆ ಯಾವಾಗ ಬರುವುದೋ ಆಗ. ಅಷ್ಟರೊಳಗೆ ತಂಗಿಯ ಮುಖ ನೋಡಬೇಕೆಂದು ಅವಳಿಗೆ ಆಸೆ. ಫೋನು ಬಂದಾಗಲೆಲ್ಲ, "ಎಳ್ಳಮಾಸಿಗಿ ಬರ್ತೀ?" ಎನ್ನುವಳು. ಕಾಕಿ, "ಬರ್ತೇನಕ್ಕಾ" ಎಂದು ಹೇಳಿ ಫೋನಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುವಳು.

ಇದೇ ಹೊತ್ತಿಗೆ, ದಸರೆಯ ಬನ್ನಿ ಕೊಡಲು ಬಂದ ಕಾಕಾ, "ಕಾರ್ ತಗೋಬೇಕಂತ ಮಾಡೇನಿ" ಎಂದರು. ನನಗೆ ಖುಷಿಯೋ ಖುಷಿ. ಕಾಕಿಯನ್ನು ಊರಿಗೆ ಕರೆದುಕೊಂಡು ಹೋಗಲಿಕ್ಕೇನು ಎಂದು ಕೇಳಿದೆ. ಕಾಕಾ ಮುಖ ಗಂಟಿಕ್ಕಿ, "ನಿಮ್ಮ ಕಾಕಿ ತನ್ನ ಸಲುವಾಗಿ ಕಾರ್ ತಂದ್ರ ಹತ್ತಂಗೇ ಇಲ್ಲ ಅಂದಾಳ. ನನಗ ಬೇಕಾಗ್ಯದ, ನಾ ತಗೋತೇನಿ" ಎಂದರು. ಕಾರು ಬೇಕಾದ ಈ ಮನುಷ್ಯನಿಗೆ ಕಾರು ಓಡಿಸಲು ಬರುತ್ತಿತ್ತೆ? ಸೈಕಲ್ಲನ್ನು ಕೂಡ ತಳ್ಳಿಕೊಂಡೇ ಹೋಗುತ್ತಿದ್ದರು! ಮೂವತ್ತು ವರ್ಷ ಗಾಡಿಗಳಿಗೆ ಎಣ್ಣೆ ಕುಡಿಸಿದ್ದೇ ಹೊರತು ಒಂದರ ಸ್ಟೇರಿಂಗನ್ನೂ ಮುಟ್ಟಿದವರಲ್ಲ.

ಅದಕ್ಕೆ ಖಾಜಾಭಾಯಿ ಇದ್ದರು. ಭಾಲ್ಕಿ ಡಿಪೋದಿಂದ ಔರಾದಿಗೆ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು, ಕಾಕಾನ ಪುಸ್ತಕದಲ್ಲಿ ಸದಾ ಮೊದಲ ಸ್ಥಾನ. ಬರಿಗಾಲಲ್ಲಿ ಗಾಡಿ ಓಡಿಸುತ್ತಿದ್ದರು. ಯಾಕೆ ಎಂದರೆ, "ಚಪ್ಪಲ್ ಹಾಕ್ಕೊಂಡ್ರ ಕಾಲು ಕುರುಡಾಗ್ತದರಿ" ಎನ್ನುತ್ತಿದ್ದರು. ಅವರು ಬ್ರೇಕ್ ಒತ್ತಿದ್ದನ್ನು ಕಂಡವರು ಕಡಿಮೆ. ಎದುರಿಗೆ ಎಮ್ಮೆ ಬರುವುದು ಅವರಿಗೆ ಎಮ್ಮೆಗಿಂತ ಮೊದಲೇ ಗೊತ್ತಾಗಿ ಗಾಡಿ ತಾನಾಗಿ ನಿಧಾನವಾಗುತ್ತಿತ್ತು.

ನಮ್ಮ ಮನೆಯ ಹತ್ತಿರವೇ ಹಳೆ ಕಾರು ಮಾರುವವನ ಅಂಗಳವಿತ್ತು. ಅವನು ನನಗೆ ಪರಿಚಯ. ನನ್ನ ಕಾಕಾ, ಒಳ್ಳೆಯವರು, ಎರಡು ದಿನದಲ್ಲಿ ವ್ಯವಹಾರ ಮುಗಿಸುತ್ತಾರೆ ಎಂದು ನಾನೇ ಶಿಫಾರಸು ಮಾಡಿದೆ. ಆ ಪುಣ್ಯಾತ್ಮ ಇವತ್ತಿಗೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಮೊದಲನೆಯದು ಬಿಳಿ ಕಾರು. "ಇಪ್ಪತ್ತೆರಡು ಕೊಡ್ತದರಿ" ಎಂದ ಮಾರುವವನು. "ನಿನ್ನ ಮಾತಿಗಿ ಕೊಡ್ತದೋ, ನನ್ನ ಪೆಟ್ರೋಲಿಗಿ ಕೊಡ್ತದೋ ನೋಡಮು" ಎಂದರು ಕಾಕಾ. ಪರೀಕ್ಷೆಯ ಕ್ರಮ ಹೀಗೆ. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಬೇಕು. ಬೀದರಿನಿಂದ ಭಾಲ್ಕಿಗೆ ಹೋಗಿ ತಿರುಗಿ ಬಂದು, ಅದೇ ಪಂಪಿನಲ್ಲಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಬೇಕು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾದಂತೆ. ಇಲ್ಲಿಯವರೆಗೆ ಸರಿ. ಆದರೆ ಟ್ಯಾಂಕಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ಅಳತೆ ತಪ್ಪುತ್ತದಂತೆ! ಅದಕ್ಕೆ ಕಾಕಾ, ಖಾಜಾಭಾಯಿ ಎರಡು ಬದಿ ನಿಂತು ಕಾರನ್ನು ತೊಟ್ಟಿಲಿನಂತೆ ಅಲುಗಾಡಿಸಿದರು. ಪಂಪಿಗೆ ಬಂದಿದ್ದ ನಾಲ್ಕು ಜನ ಕಾರು ಕೆಟ್ಟಿದೆ ಎಂದುಕೊಂಡು, ಪಾಪ, ಹಿಂದಿನಿಂದ ಬಂದು ಹಯ್ಯಾ ಎಂದು ತಳ್ಳಿಯೇಬಿಟ್ಟರು. ಕಾರು ಹತ್ತು ಅಡಿ ಮುಂದೆ ಹೋಯಿತು. ಕಾಕಾ ಅವರಿಗೆ ಕೈ ಮುಗಿದು, "ನೀವು ನೂಕಿದ್ದು ಪುಕಟ್ ಆತು, ಲೆಕ್ಕದಾಗ ಬರಂಗಿಲ್ಲ. ಜರಾ ಹಿಂದ ನೂಕ್ರಿ" ಎಂದು ಅವರಿಂದಲೇ ಹಿಂದಕ್ಕೆ ತಳ್ಳಿಸಿದರು.

ಇನ್ನು ಲೋಡು. ಖಾಲಿ ಗಾಡಿಯ ಆವರೇಜ್ ಸುಳ್ಳು ಸಾಕ್ಷಿ ಇದ್ದಂತೆ ಎಂಬುದು ಕಾಕಾನ ಸಿದ್ಧಾಂತ. ಹಾಗಾಗಿ ಹಿಂದೆ ಒಂದು ಚೀಲ ಜೋಳ, ಅದರ ಪಕ್ಕ ನಾನು, ಕಾಕಾ, ಮುಂದೆ ಕಾಕಿ. ಇದನ್ನು ಕಂಡು ನನಗೆ ಸಿಟ್ಟು ಬಂತು. ಬಸ್ಸಿನ ವಾಸನೆಗೇ ಬೀಳುವ ಹೆಂಗಸನ್ನು ತೂಕದ ಕಲ್ಲು ಮಾಡಿ ತಿರುಗಿಸುವುದೆ? ಇನ್ನೊಂದು ಚೀಲ ಜೋಳ ಹಾಕಿರಿ ಎಂದೆ. "ಚೀಲ ಅಲಗ್ಯಾಡಂಗಿಲ್ಲ ತಂಗಿ. ಮನುಷ್ಯಾ ಅಲಗ್ಯಾಡ್ತಾನ. ಲೋಡ್ ಬರಾಬರ್ ಇರ್ಬೇಕು" ಎಂದರು. ಕಾಕಿ ನಗುತ್ತ, "ಹೋಗಲಿ ಬಿಡವ್ವ. ಹ್ಯಾಂಗೂ ಇವರಿಗಿ ಜ್ವಾಳದ ಚೀಲಾನೂ ನಾನೂ ಒಂದೇ" ಎಂದು ಕುಳಿತಳು. ಹೊರಡುವ ಮುಂಚೆ ಕಾಕಾ ಅವಳ ಕೈಗೆ ಒಂದು ನಿಂಬೆಹಣ್ಣು ಕೊಟ್ಟರು. ಹೊಟ್ಟೆ ತೊಳಸಿದಾಗ ಉಗುರಿನಿಂದ ಸಿಪ್ಪೆ ಗೀರಿ ಮೂಸುವುದು ಅವಳ ಔಷಧ. ಅಷ್ಟಾದರೂ ಕರುಣೆಯಿದೆಯಲ್ಲ ಎಂದುಕೊಂಡೆ. ತಿರುಗಿ ಬಂದು ಇಳಿಯುತ್ತಿದ್ದಂತೆ ಕಾಕಾ, "ಹ್ಯಾಂಗ ಆತು?" ಎಂದರು. ಕಾಕಿ, "ಏನೂ ಆಗಿಲ್ರಿ" ಎಂದಳು. ಕಾಕಾ ಕೈ ಚಾಚಿ, "ನಿಂಬಿಹಣ್ಣ ತಾ ಇಲ್ಲಿ" ಎಂದು ವಾಪಸ್ಸು ಇಸಿದುಕೊಂಡರು! ಮೂಸಿದ ನಿಂಬೆಹಣ್ಣಿನಲ್ಲೂ ಶರಬತ್ತು ಕಾಣುವ ಮಹಾನುಭಾವ.

ಬಿಳಿ ಕಾರು ಹೇಳಿದಂತೆಯೇ ಇಪ್ಪತ್ತೆರಡು ಕೊಟ್ಟಿತು. ಮಾರುವವನು ಪೇಡಾ ತರಿಸಿದ. ಕಾಕಾ ಪೇಡಾ ತಿಂದು, "ಬ್ಯಾಡ" ಎಂದರು.

ಕೆಂಪು ಕಾರಿನ ಪರೀಕ್ಷೆಗೆ ಮತ್ತೆ ಇಪ್ಪತ್ತು ದಿನ ಹೋಯಿತು. ಅವತ್ತು ಜೋಳದ ಚೀಲ ಭಾಲ್ಕಿಯ ಒಬ್ಬ ಬೀಗರ ಮನೆಗೆ ಇಳಿಯಿತು. ತಿರುಗಿ ಬರುವಾಗ ಬಸ್ ನಿಲ್ದಾಣದ ಮುಂದೆ ಕಾಕಾ, "ನಿಲ್ಲಸ್ರಿ ಖಾಜಾಭಾಯಿ, ಲೋಡ್ ಕಮ್ಮಿ ಬಿದ್ದದ" ಎಂದರು. ಅಲ್ಲಿ ಗಂಡ ಹೆಂಡತಿ ಇಬ್ಬರು ಗಂಟು, ಸಲಿಕೆ, ಒಂದು ಹಿಟ್ಟಿನ ಡಬ್ಬಿ ಇಟ್ಟುಕೊಂಡು ಬಿಸಿಲಲ್ಲಿ ಕುಳಿತಿದ್ದರು. ಬೀದರಿಗೆ ಹೋಗಿ ಹೈದರಾಬಾದಿನ ರೈಲು ಹಿಡಿಯುವವರು. ಕಾಕಾ ಗಂಟಿನ ತೂಕವನ್ನು ಎತ್ತಿ ನೋಡಿ, "ಬರಾಬರ್ ಅದ, ಹತ್ರಿ" ಎಂದರು. ಆ ಹೆಣ್ಣುಮಗಳು ಬಾಡಿಗೆ ಎಷ್ಟಾಗುತ್ತದೆ ಎಂದು ಅಂಜುತ್ತ ಕೇಳಿದಳು. "ನೀವು ಪ್ಯಾಸೆಂಜರ್ ಅಲ್ಲ, ಲೋಡ್ ಇದ್ದೀರಿ. ಲೋಡಿಗಿ ಟಿಕೆಟ್ ಇರಂಗಿಲ್ಲ" ಎಂದರು ಕಾಕಾ. ಇಕ್ಕಟ್ಟಿನಲ್ಲಿ ಅವಳ ಹಿಟ್ಟಿನ ಡಬ್ಬಿ ನನ್ನ ತೊಡೆಯ ಮೇಲೆ ಬಂತು. ಅವರನ್ನು ಸ್ಟೇಷನ್ನಿನಲ್ಲಿ ಇಳಿಸಿ, ಪಂಪಿಗೆ ಹೋಗಿ, ಕಾರನ್ನು ಅಲುಗಾಡಿಸಿ ಲೆಕ್ಕ ಹಾಕಿದರೆ ಇಪ್ಪತ್ತು. "ಏನೂ ಆಗಿಲ್ರಿ" ಎಂದಳು ಕಾಕಿ. ಕಾಕಾ ನಿಂಬೆಹಣ್ಣು ಇಸಿದುಕೊಂಡು, ಕೆಂಪು ಕಾರೂ ಬೇಡ ಎಂದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಎಳ್ಳಮಾಸಿಗೆ ತಿಂಗಳೂ ಉಳಿದಿರಲಿಲ್ಲ. "ಕಾಕಾ, ಭಾಲ್ಕಿಗಿ ಸುಟ್ಟ ಪೆಟ್ರೋಲಿನ್ಯಾಗ ಕಾಕಿನ್ನ ಔರಾದಿಗಿ ಎರಡು ಸಲ ಕರಕೊಂಡು ಹೋಗಬಹುದಿತ್ತು. ಅಲ್ಲಿ ಅಕ್ಕ ದಾರಿ ನೋಡ್ಲತ್ತಾಳ, ನೀವಿಲ್ಲಿ ಗಾಡಿ ತೂಗ್ಲತ್ತೀರಿ" ಎಂದು ಬಾಯಿಗೆ ಬಂದಂತೆ ಅಂದೆ. ಕಾಕಾ ಸಿಟ್ಟಾಗಲಿಲ್ಲ. "ಔರಾದ್ ರಸ್ತಾದ ಮ್ಯಾಲ ಟೆಸ್ಟ್ ಮಾಡಬಾರ್ದು ತಂಗಿ" ಎಂದು ಡ್ರಮ್ಮಿಗೆ ಕೋಲು ಇಳಿಸಲು ಎದ್ದು ಹೋದರು. ನಾನು ಮೂರು ದಿನ ಆ ಗಲ್ಲಿಗೆ ಕಾಲಿಡಲಿಲ್ಲ.

ಮೂರನೆಯದು ಬೂದಿ ಬಣ್ಣದ ಕಾರು. ವಯಸ್ಸಾದದ್ದು, ಗಿಡ್ಡನೆಯದು. ಸೀಟು ಮಾತ್ರ ಅಜ್ಜಿಯ ಕೌದಿಯಷ್ಟು ಮೆತ್ತಗೆ. ಅಂಗಳದ ಮೂಲೆಯಲ್ಲಿ ಕೋಳಿಗಳಿಗೆ ನೆರಳಾಗಿ ನಿಂತಿತ್ತು. ಇದು ಎಷ್ಟು ಕೊಡುತ್ತದೆ ಎಂದು ಹೇಳಲು ಮಾರುವವನಿಗೇ ನಾಚಿಕೆ. ಭಾಲ್ಕಿಗೆ ಹೋಗಿ ಬಂದಾಗ ಸಿಕ್ಕಿದ್ದು ಹದಿನಾರು. ಹದಿನಾರು! ಕಾಕಾನ ಡಿಪೋ ಪುಸ್ತಕದ ಪ್ರಕಾರ ಇಂಥ ಕಾರಿನ ಮನೆಯ ಮದುವೆಗೆ ಅಕ್ಷತೆ ಹಾಕಲೂ ಹೋಗಬಾರದು. ಕಾಕಿ ಎಂದಿನಂತೆ, "ಏನೂ ಆಗಿಲ್ರಿ" ಎಂದಳು. ಕಾಕಾ ನಿಂಬೆಹಣ್ಣು ಇಸಿದುಕೊಂಡು, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಖಾಜಾಭಾಯಿಯ ಮುಖ ನೋಡಿ, ಮಾರುವವನಿಗೆ ಹೇಳಿದರು: "ಇದನ್ನೇ ಕೊಡು."

ಅಂಗಳದ ಕೋಳಿಗಳು ಕೂಡ ಬೆರಗಾಗಿರಬೇಕು. ಮೂರು ತಿಂಗಳು ಆವರೇಜ್ ಆವರೇಜ್ ಎಂದು ನಮ್ಮ ಜೀವ ಹಿಂಡಿ, ಎಲ್ಲಕ್ಕಿಂತ ಕಡಿಮೆ ಕೊಡುವ ಗಾಡಿಯನ್ನು ಕೊಂಡವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದಾರೆಯೆ? ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದು ನನ್ನ ಗಂಡ ತೀರ್ಮಾನಿಸಿದ.

ಕಾರಿನ ಪೂಜೆ ಎಳ್ಳಮಾಸಿಯ ಬೆಳಿಗ್ಗೆ. ಕಾಕಿ ಒಳಗೆ ಔರಾದಿಗೆ ಒಯ್ಯಲು ಭಜ್ಜಿ, ಸಜ್ಜೆ ರೊಟ್ಟಿ ಕಟ್ಟುತ್ತಿದ್ದಳು. ಗಾಲಿಗಳ ಕೆಳಗಿಟ್ಟು ಒಡೆಯಲು ನಾಲ್ಕು ನಿಂಬೆಹಣ್ಣು ಬೇಕು, ತಂದಿದ್ದು ಒಂದೇ. ಕಾಕಾನ ಕೋಣೆಯ ಗೋಡೆಯ ಮಾಡದಲ್ಲಿ ಮೂರು ನಿಂಬೆಹಣ್ಣು ಇದ್ದುದು ನೆನಪಾಯಿತು. ಹೋಗಿ ತಂದು ಗಾಲಿಗೆ ಇಡಲು ಬಗ್ಗಿದೆ.

"ಏ ತಂಗಿ, ಅವು ಬ್ಯಾಡ. ಇಟ್ಟ ಬಾ ಅವನ್ನ."

ಕಾಕಾ ಹಾಗೆ ಗದರಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಹಣ್ಣುಗಳನ್ನು ನೋಡಿದೆ. ಮೇಲೆ ಬಾಲ್‌ಪೆನ್ನಿನಿಂದ ಬರೆದಿತ್ತು: ಬಿಳಿ, ಕೆಂಪು, ಬೂದಿ. ಬಿಳಿ ಎಂದು ಬರೆದದ್ದು ಒಣಗಿ ಕಲ್ಲಾಗಿತ್ತು. ಅದರ ಮೈ ತುಂಬ ಉಗುರಿನ ಗೀರು. ಎಣಿಸಿದೆ, ಹನ್ನೊಂದು. ಕೆಂಪಿನ ಮೇಲೆ ಏಳು. ಬೂದಿ ಎಂದು ಬರೆದದ್ದು ಇನ್ನೂ ಹಳದಿಯಾಗಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಕಾಕಾ ಕಾರಿನ ಗಾಳಿ ನೋಡುವ ನೆಪದಲ್ಲಿ ಆ ಕಡೆಯ ಗಾಲಿಯ ಹತ್ತಿರ ಕುಳಿತುಬಿಟ್ಟಿದ್ದರು. ಖಾಜಾಭಾಯಿ ಗಾಜು ಒರೆಸುತ್ತ ಮೆಲ್ಲಗೆ ಹೇಳಿದರು. ಕಾಕಾ ಅವರಿಗೆ ಅಣ್ಣ, ಕಾಕಿ ವೈನಿ, ಅಂದರೆ ಅತ್ತಿಗೆ. "ನನ್ನ ಬಸ್ಸಿನ್ಯಾಗ ವೈನಿಗಿ ಒಂದ ದಿನಾನೂ ತ್ರಾಸ್ ಆಗಿಲ್ಲವ್ವ. ಬ್ರೇಕ್ ಒತ್ತದವ ಡೀಸೆಲ್ಲೂ ಉಳಸ್ತಾನ, ಮಂದಿ ಹೊಟ್ಟೀನೂ ಉಳಸ್ತಾನ. ನಾ ರಿಟೈರ್ ಆದೆ, ವೈನಿ ತವರು ನಿಂತು ಹೋಯ್ತು. ಹಂಗಂತ ಅಣ್ಣ ನನ್ನ ಮನಿಗಿ ಬಂದ. ಡ್ರೈವರ್ ಸಿಕ್ಕಾನ, ಇನ್ನ ಗಾಡಿ ಹುಡುಕಮು ಅಂದ."

ನಾನು ಕಾಕಾನ ಹತ್ತಿರ ಹೋಗಿ ಕುಳಿತೆ. ಕಾಕಿಯನ್ನೇ ಕೇಳಬಹುದಿತ್ತಲ್ಲ ಎಂದೆ.

"ಆಕಿ ಸುಳ್ಳ ಹೇಳ್ತಾಳ" ಎಂದರು ಕಾಕಾ, ಗಾಲಿಯನ್ನೇ ನೋಡುತ್ತ. "ಹೊಟ್ಟಿ ಹಿಡಕೊಂಡು ಇಳದ್ರೂ ಏನೂ ಆಗಿಲ್ರಿ ಅಂತಾಳ. ನಿಂಬಿಹಣ್ಣ ಸುಳ್ಳ ಹೇಳಂಗಿಲ್ಲ. ಔರಾದ್ ರಸ್ತಾದ ಮ್ಯಾಲ ಟೆಸ್ಟ್ ಒಂದೇ ಸಲ ಆಗ್ತದ ತಂಗಿ. ಈ ಸಲಾನೂ ಅರ್ಧಾ ದಾರ್ಯಾಗ ಇಳಿದಳಂದ್ರ ಮತ್ತ ಆಕಿ ಮನಿ ಹೊಸ್ತಲ ದಾಟಂಗಿಲ್ಲ."

ಮೂರು ತಿಂಗಳಿನಿಂದ ಈ ಮನುಷ್ಯನಿಗೆ ಅಂದ ಮಾತೆಲ್ಲ ನೆನಪಾಗಿ ಅಲ್ಲಿಯೇ ಕಾಲು ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ. ಹೋಗಿ ಅಂಗಡಿಯಿಂದ ಬೇರೆ ನಿಂಬೆಹಣ್ಣು ತಂದೆ.

ಔರಾದಿನ ದಾರಿಯಲ್ಲಿ ಖಾಜಾಭಾಯಿಯ ಬರಿಗಾಲು ಏನು ಮಾಡಿತೋ, ಆ ಮೆತ್ತನೆಯ ಸೀಟು ಏನು ಮಾಡಿತೋ, ಸಂತಪುರದ ಬೇವಿನ ಮರ ಬಂತು, ಹಿಂದೆ ಹೋಯಿತು. ಕಾಕಿ ಅದನ್ನು ತಿರುಗಿ ನೋಡಿದಳು. ಕೈಯಲ್ಲಿದ್ದ ಹಣ್ಣನ್ನು ಮೂಸಲಿಲ್ಲ. ಊರ ಹೊರಗಿನ ಹೊಲದಲ್ಲಿ ಜೋಳ ಮೊಳಕಾಲಿನವರೆಗೂ ಬೆಳೆದಿರಲಿಲ್ಲ. ಆದರೂ ಅಕ್ಕ ಪೂಜೆಗೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ, ಅಂಬಲಿಯ ಗಡಿಗೆಯಿಟ್ಟು ಕಾದಿದ್ದಳು. ಕಾರಿನಿಂದ ಇಳಿದ ತಂಗಿಯನ್ನು ಮುಟ್ಟಿ ಮುಟ್ಟಿ ನೋಡಿ, "ಖರೇನೇ ಬಂದಿ" ಎಂದಳು. ಉಂಡೆವು. ಒಣಗಿದ ಭೂಮಿಗೂ ಉಣಿಸಿದೆವು.

ಮಧ್ಯಾಹ್ನ ಇಳಿಯುತ್ತಿದ್ದಂತೆ ಅಕ್ಕ ಗಂಟು ಎತ್ತಿಕೊಂಡಳು. ಬೀದರಿನಿಂದ ಅವಳ ರೈಲು ಸಂಜೆಗೆ. ಬಸ್ಸಿಗೆ ಹೊರಟವಳನ್ನು ಕಾಕಾ ತಡೆದು, "ನಮಗ ಲೋಡ್ ಕಮ್ಮಿ ಬಿದ್ದದ, ಹತ್ರಿ" ಎಂದರು. ಹೊಟ್ಟೆ ತೊಳಸುತ್ತದೆಂದು ಎಂದೂ ಹಿಂದೆ ಕೂರದ ಕಾಕಿ, ಈ ಸಲ ಯಾರನ್ನೂ ಕೇಳದೆ ಅಕ್ಕನ ಪಕ್ಕ ಹಿಂದಿನ ಸೀಟಿನಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು. ಕಾಕಾ ಒಮ್ಮೆ ನೋಡಿದರು. ತಾವು ಮುಂದೆ ಕುಳಿತರು.

ಸಂತಪುರ ಬಂತು. ಅಲ್ಲಿಂದ ಬೀದರಿಗೆ ನೇರ ರಸ್ತೆ. ಹಿಂದೆ ಅಕ್ಕ ತಂಗಿ ಇಬ್ಬರೂ ಯಾವುದೋ ಕುಂಟ ಕುರಿಯ ಮಾತು ತೆಗೆದು ಚಿಕ್ಕ ಹುಡುಗಿಯರಂತೆ ನಗುತ್ತಿದ್ದರು. ಕಾಕಾ ಒಮ್ಮೆ ಗಡಿಯಾರ ನೋಡಿಕೊಂಡರು.

"ಖಾಜಾಭಾಯಿ, ಭಾಲ್ಕಿ ಮ್ಯಾಲಿಂದ ಹೋಗಮು."

ಖಾಜಾಭಾಯಿ ಗಾಡಿ ನಿಧಾನ ಮಾಡಿದರು. "ದಾರಿ ಡಬಲ್ ಆಗ್ತದ ಅಣ್ಣಾ. ಪೆಟ್ರೋಲ್ ಭಾಳ ಹೋಗ್ತದ."

"ಹೋಗಲಿ. ದೂರದ ದಾರ್ಯಾಗ ಗಾಡಿ ಆವರೇಜ್ ಛಂದ ಬರ್ತದ" ಎಂದರು ಕಾಕಾ. "ಟೈಂ ಅದ. ಸಾವಕಾಶ ಹೊಡೀರಿ."

ಬೀದರ್ ಸ್ಟೇಷನ್ನಿನಲ್ಲಿ ಇಳಿದಾಗ ಕಾಕಿ ಅಭ್ಯಾಸಬಲದಿಂದ ನಿಂಬೆಹಣ್ಣನ್ನು ಕಾಕಾನ ಕಡೆ ಚಾಚಿದಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಕಾಕಾ ತೆಗೆದುಕೊಳ್ಳಲಿಲ್ಲ. "ನಿಮ್ಮ ಅಕ್ಕಗ ಕೊಡು. ದೂರ ಹೋಗಾಕಿ" ಎಂದರು.

ರೈಲು ಹೋದ ಮೇಲೆ ಎಲ್ಲರೂ ಕಾರಿನಲ್ಲಿ ಕುಳಿತೆವು. ಕಾರು ಪಂಪಿನ ಮುಂದೆಯೇ ಹಾದುಹೋಯಿತು. ಕಾಕಾ ನಿಲ್ಲಿಸಲು ಹೇಳಲಿಲ್ಲ.